ಸೋತ ರಾಜ್ಯಕ್ಕೆ ಏಳು ತಿಂಗಳ ಗವರ್ನರ್

ಪ್ರಶ್ನೆ: ಅಮೆರಿಕದ ಅಂತರ್ಯುದ್ಧದ ಬಗ್ಗೆ ಓದುವಾಗ, 1865ರಲ್ಲಿ ಸೋತ ದಕ್ಷಿಣದ ರಾಜ್ಯಗಳಿಗೆ ‘ಹಂಗಾಮಿ ಗವರ್ನರ್’ಗಳನ್ನು ನೇಮಿಸಲಾಯಿತು ಎಂಬ ಒಂದು ಸಾಲು ಬರುತ್ತದೆ. ಅಲ್ಲಿಗೆ ಮುಗಿಯಿತು. ಇವರು ಯಾರು? ನಮ್ಮಲ್ಲಿ ರಾಷ್ಟ್ರಪತಿ ಆಳ್ವಿಕೆ ಬಂದಾಗ ರಾಜ್ಯಪಾಲರು ಆಡಳಿತ ನಡೆಸುವ ಹಾಗೆಯೇ? ದಿನವೂ ಇವರ ಮುಂದೆ ಏನು ಕೆಲಸ ಇರುತ್ತಿತ್ತು? ಹುದ್ದೆ ಹೋದ ಮೇಲೆ ಏನಾದರು?

ಉತ್ತರ: ಪುಸ್ತಕಗಳು ಒಂದೇ ಸಾಲಿನಲ್ಲಿ ದಾಟಿಬಿಡುವ ಈ ಜನರ ಬಗ್ಗೆ ಯಾರಾದರೂ ಕೇಳಲಿ ಎಂದು ನಾನು ಬಹಳ ದಿನಗಳಿಂದ ಕಾಯುತ್ತಿದ್ದೆ. ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ 1865ರ ಮೇ ಕೊನೆಯಿಂದ ಜುಲೈ ಮಧ್ಯದೊಳಗೆ ಇಂಥ ಏಳು ಜನರನ್ನು ನೇಮಿಸಿದರು. ನಾರ್ತ್ ಕೆರೊಲಿನಾಕ್ಕೆ ವಿಲಿಯಂ ಹೋಲ್ಡನ್, ಮಿಸಿಸಿಪ್ಪಿಗೆ ವಿಲಿಯಂ ಶಾರ್ಕಿ, ಜಾರ್ಜಿಯಾಕ್ಕೆ ಜೇಮ್ಸ್ ಜಾನ್ಸನ್, ಟೆಕ್ಸಾಸ್‌ಗೆ ಆಂಡ್ರ್ಯೂ ಹ್ಯಾಮಿಲ್ಟನ್, ಅಲಬಾಮಾಕ್ಕೆ ಲೂಯಿಸ್ ಪಾರ್ಸನ್ಸ್, ಸೌತ್ ಕೆರೊಲಿನಾಕ್ಕೆ ಬೆಂಜಮಿನ್ ಪೆರಿ, ಫ್ಲಾರಿಡಾಕ್ಕೆ ವಿಲಿಯಂ ಮಾರ್ವಿನ್. ಏಳು ಜನರ ಕಥೆಯನ್ನೂ ತೆಳ್ಳಗೆ ಹರಡುವ ಬದಲು ಒಬ್ಬನ ಬದುಕನ್ನು ಹತ್ತಿರದಿಂದ ತೋರಿಸುತ್ತೇನೆ. ಆತ ಮೊದಲು ನೇಮಕಗೊಂಡ ಹೋಲ್ಡನ್. ಉಳಿದ ಆರು ನೇಮಕಗಳಿಗೂ ಅವನ ನೇಮಕದ ಆದೇಶವೇ ಮಾದರಿಯಾಯಿತು. ಎಲ್ಲರಿಗಿಂತ ಹೆಚ್ಚು ಬೆಲೆ ತೆತ್ತವನೂ ಅವನೇ ಎಂದು ನಾನು ತಿಳಿದಿದ್ದೇನೆ.

ಮೊದಲು ನಿಮ್ಮ ಹೋಲಿಕೆಯ ಬಗ್ಗೆ. ಅಮೆರಿಕದ ಗವರ್ನರ್ ನಮ್ಮ ರಾಜ್ಯಪಾಲರಲ್ಲ. ಆತ ಜನರಿಂದಲೇ ಚುನಾಯಿತನಾಗುವ ಆಡಳಿತಗಾರ, ನಮ್ಮ ಮುಖ್ಯಮಂತ್ರಿಗೆ ಹತ್ತಿರದವನು. ವಾಷಿಂಗ್ಟನ್‌ನಲ್ಲಿ ಕುಳಿತ ಅಧ್ಯಕ್ಷರು ಒಂದು ರಾಜ್ಯಕ್ಕೆ ಗವರ್ನರನ್ನು ನೇಮಿಸುವುದೆಂದರೆ, ದೆಹಲಿಯಿಂದ ಒಬ್ಬ ಮುಖ್ಯಮಂತ್ರಿಯನ್ನು ಹೆಸರಿಸಿ ಕಳುಹಿಸಿದಷ್ಟು ವಿಚಿತ್ರ. ನಮ್ಮ ರಾಷ್ಟ್ರಪತಿ ಆಳ್ವಿಕೆಗೆ ಸಂವಿಧಾನದ 356ನೇ ವಿಧಿ ಇದೆ. ಅದನ್ನು ಹೇಗೆ ಬಳಸಬಾರದು ಎಂದು ಹೇಳುವ ಬೊಮ್ಮಾಯಿ ಪ್ರಕರಣದ ತೀರ್ಪೂ ಇದೆ. ಅಮೆರಿಕದ ಸಂವಿಧಾನದಲ್ಲಿ ‘ಹಂಗಾಮಿ ಗವರ್ನರ್’ ಎಂಬ ಶಬ್ದವೇ ಇರಲಿಲ್ಲ. ಜಾನ್ಸನ್ ಎರಡು ಆಧಾರ ಹಿಡಿದರು: ತಾವು ಸೇನೆಯ ಮಹಾದಂಡನಾಯಕರು ಎಂಬುದು ಒಂದು, ಪ್ರತಿ ರಾಜ್ಯಕ್ಕೂ ಗಣರಾಜ್ಯ ಮಾದರಿಯ ಸರ್ಕಾರವನ್ನು ಒಕ್ಕೂಟ ಖಾತರಿಪಡಿಸಬೇಕು ಎನ್ನುವ ನಾಲ್ಕನೇ ವಿಧಿಯ ಮಾತು ಇನ್ನೊಂದು. ನಾರ್ತ್ ಕೆರೊಲಿನಾದ ಹಿರಿಯ ವಕೀಲ ಬಿ. ಎಫ್. ಮೂರ್ ಅಧ್ಯಕ್ಷರ ಎದುರಿಗೇ ಇದನ್ನು ಒಪ್ಪಲಿಲ್ಲ. ಗವರ್ನರನ್ನು ಹೆಸರಿಸುವ ಅಧಿಕಾರ ನಿಮಗಿಲ್ಲ, ನಮ್ಮ ಶಾಸನಸಭೆಯೇ ಸೇರಿ ಸರಿಪಡಿಸಿಕೊಳ್ಳಲಿ ಎಂಬುದು ಅವರ ವಾದವಾಗಿತ್ತು. ಜಾನ್ಸನ್ ಬಳಿ ಆದೇಶ ಆಗಲೇ ಸಿದ್ಧವಾಗಿತ್ತು. ಗವರ್ನರ್ ಹೆಸರಿನ ಜಾಗವನ್ನು ಮಾತ್ರ ಖಾಲಿ ಬಿಟ್ಟಿದ್ದರು. ಮೇ 29ರಂದು ಹೊರಬಿದ್ದ ಆದೇಶದಲ್ಲಿ ಆ ಜಾಗದಲ್ಲಿದ್ದ ಹೆಸರು ಹೋಲ್ಡನ್.

ಯಾರು ಈ ಹೋಲ್ಡನ್? 1818ರಲ್ಲಿ ಹಿಲ್ಸ್‌ಬರೊ ಊರಿನ ಬಳಿ, ಮದುವೆಯಾಗದ ತಂದೆತಾಯಿಗೆ ಹುಟ್ಟಿದವನು. ಹುಡುಗನಾಗಿದ್ದಾಗಲೇ ಅದೇ ಊರಿನ ಪತ್ರಿಕೆಯ ಅಚ್ಚುಮನೆಗೆ ಕೆಲಸ ಕಲಿಯಲು ಸೇರಿದ. ಶಾಲೆಯಲ್ಲಿ ಕಲಿತದ್ದಕ್ಕಿಂತ ಅಚ್ಚಿನ ಮೊಳೆ ಜೋಡಿಸುತ್ತಾ ಕಲಿತದ್ದೇ ಹೆಚ್ಚು. ಇಪ್ಪತ್ತೈದು ತುಂಬುವ ಮೊದಲೇ, 1843ರಲ್ಲಿ, ರಾಜಧಾನಿ ರಾಲೀಯಲ್ಲಿ ‘ಸ್ಟ್ಯಾಂಡರ್ಡ್’ ಪತ್ರಿಕೆಯ ಒಡೆಯನಾದ. ಅದನ್ನು ರಾಜ್ಯದ ಅತ್ಯಂತ ಪ್ರಭಾವಿ ಪತ್ರಿಕೆಯನ್ನಾಗಿ ಬೆಳೆಸಿದ. ಆದರೆ ಹಿಲ್ಸ್‌ಬರೊದಲ್ಲಿ ದೊಡ್ಡ ಮನೆಯವರಿದ್ದರು. ಅವರಲ್ಲಿ ಒಬ್ಬರು ವಿಲಿಯಂ ಗ್ರಹಾಂ. ಗವರ್ನರ್, ಸೆನೆಟರ್, ಒಕ್ಕೂಟ ಸರ್ಕಾರದ ನೌಕಾಪಡೆ ಕಾರ್ಯದರ್ಶಿ ಎಲ್ಲವೂ ಆಗಿದ್ದವರು. ಈ ಗ್ರಹಾಂ ಹೆಸರನ್ನು ನೆನಪಿನಲ್ಲಿಡಿ.

ಹೋಲ್ಡನ್ ರಾಜಕೀಯವಾಗಿ ಒಂದೇ ಕಡೆ ನಿಂತವನಲ್ಲ. ಗುಲಾಮಗಿರಿಯ ಪರವಾಗಿ, ಪ್ರತ್ಯೇಕವಾಗುವ ಹಕ್ಕಿನ ಪರವಾಗಿ ವರ್ಷಗಟ್ಟಲೆ ಬರೆದ. ಯುದ್ಧ ಹತ್ತಿರ ಬಂದಾಗ ಒಕ್ಕೂಟ ಉಳಿಯಲಿ ಎಂದ. 1861ರ ಮೇ 20ರಂದು ರಾಜ್ಯ ಒಕ್ಕೂಟದಿಂದ ಹೊರಬಂದಾಗ ಸಭೆಯ ಸದಸ್ಯನಾಗಿ ಅದಕ್ಕೂ ಸಹಿ ಹಾಕಿದ. 1862ರಲ್ಲಿ ಜೆಬುಲಾನ್ ವ್ಯಾನ್ಸ್ ಗವರ್ನರ್ ಆಗಲು ನೆರವಾದ. ಮರುವರ್ಷ, ಸಾವುನೋವು ಸಾಕಾಗಿದೆ, ಸಂಧಾನ ನಡೆಯಲಿ ಎಂದು ‘ಸ್ಟ್ಯಾಂಡರ್ಡ್’ ಬರೆಯತೊಡಗಿದಾಗ ಅದೇ ವ್ಯಾನ್ಸ್‌ಗೆ ಎದುರಾಳಿಯಾದ. 1863ರ ಸೆಪ್ಟೆಂಬರ್ 9ರ ರಾತ್ರಿ ರಾಲೀ ಮೂಲಕ ಹೋಗುತ್ತಿದ್ದ ಜಾರ್ಜಿಯಾದ ಸೈನಿಕರು ಅವನ ಪತ್ರಿಕಾ ಕಚೇರಿಗೆ ನುಗ್ಗಿ ಎಲ್ಲವನ್ನೂ ಧ್ವಂಸ ಮಾಡಿದರು, ಮೊಳೆಗಳನ್ನೆಲ್ಲ ಚೆಲ್ಲಾಡಿದರು. ಬೆಳಗಾಗುತ್ತಲೇ ಹೋಲ್ಡನ್ ಕಡೆಯ ಜನ ಎದುರು ಪಕ್ಷದ ಪತ್ರಿಕಾ ಕಚೇರಿಯನ್ನು ಪುಡಿ ಮಾಡಿದರು. 1864ರಲ್ಲಿ ಅವನು ವ್ಯಾನ್ಸ್ ವಿರುದ್ಧ ಚುನಾವಣೆಗೆ ನಿಂತು ಹೀನಾಯವಾಗಿ ಸೋತ. ವ್ಯಾನ್ಸ್‌ಗೆ ಸುಮಾರು 58,000 ಮತ, ಹೋಲ್ಡನ್‌ಗೆ ಹದಿನೈದು ಸಾವಿರವೂ ಇಲ್ಲ.

ಜನ ಹೀಗೆ ತಿರಸ್ಕರಿಸಿ ವರ್ಷವೂ ತುಂಬದಿರುವಾಗ ಅದೇ ಜನರ ಮೇಲೆ ಗವರ್ನರ್ ಆಗಿ ಬಂದು ಕೂರುವುದು ಎಂಥ ಸ್ಥಿತಿ ಎಂದು ಯೋಚಿಸಿ. ಚುನಾವಣೆಯಲ್ಲಿ ಗೆದ್ದಿದ್ದ ವ್ಯಾನ್ಸ್ ಆ ಹೊತ್ತಿಗೆ ವಾಷಿಂಗ್ಟನ್‌ನ ಸೆರೆಮನೆಯಲ್ಲಿದ್ದರು. ಅಧ್ಯಕ್ಷ ಜಾನ್ಸನ್‌ಗೆ ಹೋಲ್ಡನ್ ಏಕೆ ಹಿಡಿಸಿದ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಜಾನ್ಸನ್ ಕೂಡ ಹುಟ್ಟಿದ್ದು ರಾಲೀಯಲ್ಲೇ, ಕಡು ಬಡತನದಲ್ಲಿ. ದರ್ಜಿಯ ಬಳಿ ಕೆಲಸ ಕಲಿಯಲು ಸೇರಿ ಅಲ್ಲಿಂದ ಓಡಿಹೋದ ಹುಡುಗ ಆತ. ಯುದ್ಧದ ನಡುವೆ ಟೆನೆಸ್ಸಿಯಲ್ಲಿ ಸ್ವತಃ ಮಿಲಿಟರಿ ಗವರ್ನರ್ ಆಗಿದ್ದವರು. ದೊಡ್ಡ ಜಮೀನ್ದಾರರ ಮೇಲಿನ ಸಿಟ್ಟು ಇಬ್ಬರಲ್ಲೂ ಇತ್ತು.

ಇನ್ನು ದಿನದ ಕೆಲಸ. ಇದು ನಿಮ್ಮ ಪ್ರಶ್ನೆಯಲ್ಲಿ ನನಗೆ ಅತ್ಯಂತ ಹಿಡಿಸಿದ ಭಾಗ.

ಆದೇಶದ ಪ್ರಕಾರ ಕೆಲಸ ಒಂದೇ: ನಿಷ್ಠೆಯ ಪ್ರಮಾಣ ಮಾಡಿದವರಿಂದ ಪ್ರತಿನಿಧಿಗಳನ್ನು ಆರಿಸಿ, ಸಂವಿಧಾನ ತಿದ್ದುವ ಸಭೆ ಕರೆಯುವುದು, ರಾಜ್ಯವನ್ನು ಒಕ್ಕೂಟಕ್ಕೆ ಮರಳಿಸುವುದು. ಆದರೆ ಸಭೆಗೆ ಚುನಾವಣೆ ನಡೆಯಬೇಕು. ಚುನಾವಣೆ ನಡೆಸಲು, ಜನರಿಂದ ಪ್ರಮಾಣ ಮಾಡಿಸಲು ಊರೂರಿನಲ್ಲಿ ಅಧಿಕಾರಿಗಳು ಬೇಕು. ಹಳೆಯ ಅಧಿಕಾರಿಗಳೆಲ್ಲ ಸೋತ ಸರ್ಕಾರದ ಕೆಳಗಿದ್ದವರು. ಹಾಗಾಗಿ ಹೋಲ್ಡನ್ ಇಡೀ ರಾಜ್ಯದ ಪ್ರತಿ ಕೌಂಟಿಗೂ ಹೊಸ ಮ್ಯಾಜಿಸ್ಟ್ರೇಟರನ್ನು ನೇಮಿಸಲು ಕುಳಿತ. ಕೌಂಟಿ ಎಂದರೆ ನಮ್ಮ ತಾಲ್ಲೂಕು-ಜಿಲ್ಲೆಗಳ ನಡುವಿನ ಘಟಕ ಎಂದುಕೊಳ್ಳಿ. ನೇಮಕಗಳ ಸಂಖ್ಯೆ ಸಾವಿರಗಳಲ್ಲಿತ್ತು. ಪಟ್ಟಣಗಳ ಮೇಯರ್, ಕಮಿಷನರ್‌ಗಳು, ರಾಜ್ಯದ ಪಾಲಿದ್ದ ರೈಲು ಕಂಪನಿಗಳ ನಿರ್ದೇಶಕರು, ನ್ಯಾಯಾಧೀಶರು, ಎಲ್ಲರ ನೇಮಕವೂ ಅದೇ ಒಂದು ಲೇಖನಿಯಿಂದ ಆಗಬೇಕು. ಶಾಸನಸಭೆ ಇಲ್ಲ, ಕೇಳುವವರಿಲ್ಲ. ಚುನಾಯಿತ ಗವರ್ನರ್ ಯಾರಿಗೂ ಎಂದೂ ಇಲ್ಲದಿದ್ದ ಅಧಿಕಾರ ಅದು.

ಆದರೂ ಆ ಅಧಿಕಾರಕ್ಕೆ ಕಾಲಿರಲಿಲ್ಲ. ಸೈನ್ಯ ಅವನದಲ್ಲ, ಒಕ್ಕೂಟದ ಸೇನೆಯ ಜನರಲ್ ರೂಗರ್ ಅದೇ ರಾಲೀಯಲ್ಲಿದ್ದರು. ಬಿಳಿಯನೊಬ್ಬ ಬಿಡುಗಡೆಯಾದ ಗುಲಾಮನನ್ನು ಹೊಡೆದರೆ ವಿಚಾರಣೆ ಯಾರದು? ಹೋಲ್ಡನ್ ನೇಮಿಸಿದ ಮ್ಯಾಜಿಸ್ಟ್ರೇಟರದೋ, ಸೇನೆಯ ನ್ಯಾಯಮಂಡಳಿಯದೋ? ಈ ತಕರಾರಿನಲ್ಲಿ ಗವರ್ನರ್ ಮತ್ತು ಜನರಲ್ ನಡುವೆ ಪತ್ರಗಳು ಓಡಾಡಿದವು. ಕಪ್ಪು ಜನರ ಸಾಕ್ಷ್ಯವನ್ನು ರಾಜ್ಯದ ನ್ಯಾಯಾಲಯ ಬಿಳಿಯರ ವಿರುದ್ಧ ಒಪ್ಪುತ್ತಿರಲಿಲ್ಲ. ಹೀಗಿರುವಾಗ ಅಂಥ ಪ್ರಕರಣಗಳನ್ನು ಸೇನೆ ತನ್ನ ಕೈಯಲ್ಲಿಟ್ಟುಕೊಂಡದ್ದು ಸರಿಯೇ ಎಂದು ನಾನು ಹೇಳುತ್ತೇನೆ.

ಖಜಾನೆಯಲ್ಲಿ ಹಣವೂ ಇರಲಿಲ್ಲ. ಯುದ್ಧಕಾಲದ ನೋಟುಗಳು ಬರೀ ಕಾಗದ. ರಾಜ್ಯದ ಆಸ್ತಿ ಎಂದು ಉಳಿದದ್ದು ಅಲ್ಲಲ್ಲಿ ಚದುರಿಬಿದ್ದಿದ್ದ ಹತ್ತಿಯ ಅಂಡಿಗೆಗಳು, ಪೈನ್ ಮರದ ರಾಳದ ಪೀಪಾಯಿಗಳು. ಅವನ್ನು ಹುಡುಕಿ, ಒಕ್ಕೂಟದ ಅಧಿಕಾರಿಗಳು ಜಪ್ತಿ ಮಾಡದಂತೆ ಉಳಿಸಿ, ಮಾರಿ, ಸರ್ಕಾರ ನಡೆಸಬೇಕಿತ್ತು. ಈ ಕೆಲಸಕ್ಕೆ ಹೋಲ್ಡನ್ ಆರಿಸಿಕೊಂಡದ್ದು ಜೊನಾಥನ್ ವರ್ತ್ ಎಂಬ ನುರಿತ ಖಜಾಂಚಿಯನ್ನು. ಯುದ್ಧಕಾಲದಲ್ಲೂ ರಾಜ್ಯದ ಖಜಾಂಚಿ ಆತನೇ ಆಗಿದ್ದ. ಒಳ್ಳೆಯ ಆಯ್ಕೆ. ಅದರ ಪರಿಣಾಮ ಮುಂದೆ ಬರುತ್ತದೆ.

ಈಗ ಕ್ಷಮಾದಾನದ ಅರ್ಜಿಗಳು. ಹೋಲ್ಡನ್ ಬದುಕಿನ ಮುಂದಿನ ಇಪ್ಪತ್ತೇಳು ವರ್ಷಗಳು ಇಲ್ಲಿಯೇ ತೀರ್ಮಾನವಾದವು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೇ 29ರಂದೇ ಜಾನ್ಸನ್ ಹೊರಡಿಸಿದ ಇನ್ನೊಂದು ಆದೇಶ, ನಿಷ್ಠೆಯ ಪ್ರಮಾಣ ಮಾಡಿದ ಸಾಮಾನ್ಯರಿಗೆಲ್ಲ ಕ್ಷಮೆ ಎಂದಿತು. ಆದರೆ ಹದಿನಾಲ್ಕು ವರ್ಗದವರನ್ನು ಹೊರಗಿಟ್ಟಿತು. ಸೋತ ಪಕ್ಷದ ದೊಡ್ಡ ಅಧಿಕಾರಿಗಳು, ಮೇಲ್ದರ್ಜೆಯ ಸೇನಾಧಿಕಾರಿಗಳು, ದಂಗೆಗೆ ನೆರವಾದ 20,000 ಡಾಲರ್‌ಗಿಂತ ಹೆಚ್ಚು ತೆರಿಗೆ ಬೀಳುವ ಆಸ್ತಿಯ ಶ್ರೀಮಂತರು, ಇವರೆಲ್ಲ ಅಧ್ಯಕ್ಷರಿಗೆ ಬೇರೆಯಾಗಿ ಅರ್ಜಿ ಹಾಕಿಕೊಳ್ಳಬೇಕು. ಕ್ಷಮೆ ಸಿಗದಿದ್ದರೆ ಮತ ಹಾಕುವಂತಿಲ್ಲ, ಹುದ್ದೆ ಹಿಡಿಯುವಂತಿಲ್ಲ; ಆಸ್ತಿ ಜಪ್ತಿಯ ಭಯ ಬೇರೆ. ನಾರ್ತ್ ಕೆರೊಲಿನಾದ ಅರ್ಜಿಗಳೆಲ್ಲ ಗವರ್ನರ್ ಮೇಜಿನ ಮೂಲಕ ಹೋಗಬೇಕಿತ್ತು. ಅವನು ಷರಾ ಬರೆಯಬೇಕಿತ್ತು: ಕ್ಷಮಿಸಬಹುದು, ಸದ್ಯಕ್ಕೆ ತಡೆಹಿಡಿಯಬಹುದು, ಬೇಡ.

ಆ ಕೋಣೆಯನ್ನು ಕಣ್ಣೆದುರು ತಂದುಕೊಳ್ಳಿ. ಎಷ್ಟೋ ವರ್ಷ ಅಚ್ಚುಮನೆಯ ಹುಡುಗ ಎಂದು ಇವನನ್ನು ಕೀಳಾಗಿ ಕಂಡವರು, ಇವನನ್ನು ದೇಶದ್ರೋಹಿ ಎಂದು ಕೂಗಿದವರು, ಇವನ ಪತ್ರಿಕಾ ಕಚೇರಿ ಒಡೆದಾಗ ಮನಸ್ಸಿನಲ್ಲೇ ಸಂತೋಷಪಟ್ಟವರು, ಎಲ್ಲರೂ ಟೋಪಿ ತೆಗೆದು ಕೈಯಲ್ಲಿ ಹಿಡಿದು, ತಾವು ಎಂದೂ ಮನಸಾರೆ ಯುದ್ಧ ಬಯಸಿರಲಿಲ್ಲ ಎಂದು ಬರೆದುಕೊಂಡು ಬರುತ್ತಾರೆ. ಅದನ್ನು ಓದುವವನು ಇಪ್ಪತ್ತು ವರ್ಷ ಇವರೆಲ್ಲರ ಭಾಷಣಗಳನ್ನು ಅಚ್ಚು ಹಾಕಿದ ಸಂಪಾದಕ. ಯಾರು ಯಾವ ಸಭೆಯಲ್ಲಿ ಏನು ಹೇಳಿದ್ದರೆಂದು ಅವನಿಗೆ ಬಾಯಿಪಾಠ.

ಹೋಲ್ಡನ್ ಬಹಳ ಅರ್ಜಿಗಳಿಗೆ ಶಿಫಾರಸು ಮಾಡಿದ. ಆದರೆ ಕೆಲವನ್ನು ತಡೆದ, ಮತ್ತು ತಡೆದ ಅರ್ಜಿಗಳಲ್ಲಿ ಅವನ ರಾಜಕೀಯ ಎದುರಾಳಿಗಳದು ಎದ್ದು ಕಾಣುತ್ತಿತ್ತು. ಹಿಲ್ಸ್‌ಬರೊದ ಗ್ರಹಾಂ ಅರ್ಜಿ ಹಾಗೆ ಕುಳಿತದ್ದು. ಗ್ರಹಾಂ ಯುದ್ಧಕ್ಕೆ ಹಾತೊರೆದವರಲ್ಲ. ರಾಜ್ಯ ಹೊರಬೀಳುವವರೆಗೂ ಒಕ್ಕೂಟದ ಪರ ಇದ್ದು, ನಂತರ ಸೋತ ಪಕ್ಷದ ಸೆನೆಟರ್ ಆದವರು. ಅವರಿಗಿಂತ ಉಗ್ರರಿಗೆ ಕ್ಷಮೆ ಸಿಕ್ಕಿ ಅವರಿಗೆ ಸಿಗದಿದ್ದಾಗ, ಇದು ನ್ಯಾಯವಲ್ಲ, ಚುನಾವಣೆಯ ಲೆಕ್ಕ ಎಂದು ಜನ ಅಂದುಕೊಂಡರು. ನನಗೂ ಹಾಗೆಯೇ ಅನ್ನಿಸುತ್ತದೆ. ಹೋಲ್ಡನ್‌ಗೆ ಹಂಗಾಮಿ ಹುದ್ದೆ ಸಾಕಾಗಿರಲಿಲ್ಲ, ಜನರಿಂದ ಆರಿಸಿಬರಬೇಕಿತ್ತು. ಸಾಲವಾಗಿ ಬಂದ ಅಧಿಕಾರವನ್ನು ಸ್ವಂತದ್ದಾಗಿ ಮಾಡಿಕೊಳ್ಳಲು ಕ್ಷಮಾದಾನದ ಕಡತಗಳನ್ನು ಬಳಸಿದ್ದು ಅವನ ದೊಡ್ಡ ತಪ್ಪು.

ಇದಕ್ಕೆ ನೇರ ವಿರುದ್ಧ ತಪ್ಪನ್ನು ಪಕ್ಕದ ಸೌತ್ ಕೆರೊಲಿನಾದ ಪೆರಿ ಮಾಡಿದ. ಪೆರಿಯೂ ಒಕ್ಕೂಟವಾದಿಯೇ. ಅಧಿಕಾರ ವಹಿಸಿಕೊಳ್ಳುತ್ತಲೇ ಹಳೆಯ ಸರ್ಕಾರದ ಅಧಿಕಾರಿಗಳೆಲ್ಲ ಪ್ರಮಾಣ ಮಾಡಿ ತಮ್ಮ ತಮ್ಮ ಜಾಗದಲ್ಲಿ ಮುಂದುವರಿಯಲಿ ಎಂದುಬಿಟ್ಟ. ಮೇಲ್ಜಾತಿಯ ಮನೆಗಳೆಲ್ಲ ಅವನನ್ನು ಹೊಗಳಿದವು (ಜಾತಿ ಎಂಬ ಶಬ್ದ ಅಲ್ಲಿಗೆ ಸರಿಹೊಂದದು, ಆದರೆ ಆ ವರ್ಗದ ಗತ್ತು ನಮ್ಮ ಓದುಗರಿಗೆ ಅರ್ಥವಾಗಲಿ ಎಂದು ಬಳಸಿದೆ). ಗುಲಾಮಗಿರಿ ನಡೆಸಿದ್ದ ಕೈಗಳಲ್ಲೇ ಬಿಡುಗಡೆಯಾದವರ ನ್ಯಾಯವನ್ನು ಪೆರಿ ಬಿಟ್ಟುಕೊಟ್ಟ. ಹೋಲ್ಡನ್ ಹಳಬರನ್ನು ತೆಗೆದು ದ್ವೇಷ ಕಟ್ಟಿಕೊಂಡ, ಪೆರಿ ಹಳಬರನ್ನು ಉಳಿಸಿಕೊಂಡು ಮೆಚ್ಚುಗೆ ಪಡೆದ. ಎರಡರಲ್ಲಿ ಪೆರಿಯ ತಪ್ಪೇ ದೊಡ್ಡದು.

ಬಿಡುಗಡೆಯಾದವರ ಮಾತು ಇಲ್ಲಿ ಬರಲೇಬೇಕು. 1860ರ ಜನಗಣತಿಯಂತೆ ನಾರ್ತ್ ಕೆರೊಲಿನಾದ ಸುಮಾರು 9,92,000 ಜನರಲ್ಲಿ ಸುಮಾರು 3,31,000 ಜನ ಗುಲಾಮರು. ಹಂಗಾಮಿ ಗವರ್ನರ್ ಕರೆಯುವ ಸಭೆಗೆ ಮತ ಹಾಕುವವರು ಯಾರು? ರಾಜ್ಯ ಹೊರಬೀಳುವ ಮುನ್ನ ಮತದಾರರಾಗಿದ್ದವರು, ಅಂದರೆ ಬಿಳಿಯ ಗಂಡಸರು ಮಾತ್ರ. ಆದೇಶದ ಈ ಒಂದು ವಾಕ್ಯವೇ ಮೂರರಲ್ಲಿ ಒಂದು ಪಾಲಿಗೂ ಹೆಚ್ಚು ಜನರನ್ನು ಹೊರಗಿಟ್ಟಿತು. ಹೋಲ್ಡನ್ ಜೂನ್ ತಿಂಗಳ ತನ್ನ ಪ್ರಕಟಣೆಯಲ್ಲಿ ಅವರಿಗೆ ನೀವೀಗ ಸ್ವತಂತ್ರರು, ದುಡಿದು ಬಾಳಿ, ಸ್ವಾತಂತ್ರ್ಯಕ್ಕೆ ಯೋಗ್ಯರಾಗಿ ಎಂದು ಉಪದೇಶಿಸಿದ. ತಲೆತಲಾಂತರದಿಂದ ಕೂಲಿಯಿಲ್ಲದೆ ದುಡಿದವರಿಗೆ ದುಡಿಮೆಯ ಉಪದೇಶ! ಓದುವಾಗಲೆಲ್ಲ ನನಗೆ ನೋವಾಗುತ್ತದೆ. ಅವರು ಉಪದೇಶ ಕೇಳಿ ಸುಮ್ಮನಿರಲಿಲ್ಲ. ಸೆಪ್ಟೆಂಬರ್ 29ರಂದು ರಾಲೀಯ ಒಂದು ಚರ್ಚಿನಲ್ಲಿ ತಮ್ಮದೇ ಸಮಾವೇಶ ಸೇರಿದರು. ಅಧ್ಯಕ್ಷತೆ ಪಾದ್ರಿ ಜೇಮ್ಸ್ ಹುಡ್ ಅವರದು. ನ್ಯಾಯವಾದ ಕೂಲಿ, ಮಕ್ಕಳಿಗೆ ಶಾಲೆ, ಚದುರಿದ ಕುಟುಂಬಗಳು ಒಂದಾಗಲು ನೆರವು, ಭೇದ ಮಾಡುವ ಕಾನೂನುಗಳ ರದ್ದು, ಇಷ್ಟನ್ನು ಅತ್ಯಂತ ಗೌರವದ ಮಾತಿನಲ್ಲಿ ಕೇಳಿದರು. ಅಕ್ಟೋಬರ್ 2ರಂದು ಅದೇ ಊರಿನಲ್ಲಿ ಬಿಳಿಯರ ಸಂವಿಧಾನ ಸಭೆ ಆರಂಭವಾಯಿತು.

ಆ ಸಭೆ ರಾಜ್ಯ ಹೊರಬಿದ್ದ ನಿರ್ಣಯವನ್ನು ಶೂನ್ಯವೆಂದು ಸಾರಿತು, ಗುಲಾಮಗಿರಿಯನ್ನು ತೆಗೆದುಹಾಕಿತು. ಯುದ್ಧದ ಸಾಲಕ್ಕೆ ಬಂದಾಗ ಮಾತ್ರ ಕಾಲು ಹಿಂದೆಗೆಯಿತು. ಸಾಲಪತ್ರ ಇಟ್ಟುಕೊಂಡಿದ್ದವರು ಸಭೆಯಲ್ಲಿದ್ದವರ ನೆಂಟರು, ಪಾಲುದಾರರು. ಕೆಲವೊಮ್ಮೆ ಸ್ವತಃ ಅವರೇ. ಹೋಲ್ಡನ್ ವಾಷಿಂಗ್ಟನ್‌ಗೆ ತಂತಿ ಕಳುಹಿಸಿದ. ದಂಗೆಗಾಗಿ ಮಾಡಿದ ಸಾಲದ ಒಂದೊಂದು ಡಾಲರನ್ನೂ ಶಾಶ್ವತವಾಗಿ ನಿರಾಕರಿಸಬೇಕು ಎಂದು ಜಾನ್ಸನ್ ಮರುತಂತಿ ಹೊಡೆದರು. ಮರುದಿನವೇ ಸಭೆ ತಲೆಬಾಗಿತು. ಆದರೆ ತಂತಿ ತರಿಸಿ ಕೆಲಸ ಮಾಡಿಸಿದ ಗವರ್ನರ್ ಮೇಲೆ ಅದರ ಕಹಿ ಉಳಿಯಿತು. ಹಂಗಾಮಿ ಗವರ್ನರ್ ಎಂದರೆ ತಂತಿಯ ಇನ್ನೊಂದು ತುದಿ ಎಂದು ಎಲ್ಲರಿಗೂ ಕಂಡಿತು.

ನವೆಂಬರ್ 9ರ ಚುನಾವಣೆಯಲ್ಲಿ ಹೋಲ್ಡನ್ ಎದುರು ನಿಂತವನು ಅವನದೇ ಖಜಾಂಚಿ ವರ್ತ್. ಅವನ ಹಿಂದೆ ನಿಂತವರಲ್ಲಿ ಮುಖ್ಯರು ಗ್ರಹಾಂ. ವರ್ತ್‌ಗೆ 32,539 ಮತ, ಹೋಲ್ಡನ್‌ಗೆ 25,809. ಡಿಸೆಂಬರ್ ಕೊನೆಯಲ್ಲಿ ಹೋಲ್ಡನ್ ಅಧಿಕಾರ ಬಿಟ್ಟುಕೊಟ್ಟ. ಏಳು ತಿಂಗಳು. ಇನ್ನೂ ಕ್ಷಮೆ ಸಿಗದ ಗ್ರಹಾಂರನ್ನು ಹೊಸ ಶಾಸನಸಭೆ ವಾಷಿಂಗ್ಟನ್‌ಗೆ ಸೆನೆಟರ್ ಆಗಿ ಆರಿಸಿತು. ಅಲ್ಲಿ ಅವರನ್ನು ಕೂರಿಸಿಕೊಳ್ಳಲಿಲ್ಲ. ಹಂಗಾಮಿ ಗವರ್ನರ್‌ಗಳಾಗಿದ್ದ ಶಾರ್ಕಿ, ಪಾರ್ಸನ್ಸ್, ಪೆರಿ, ಮಾರ್ವಿನ್ ನಾಲ್ವರೂ ತಮ್ಮ ತಮ್ಮ ರಾಜ್ಯಗಳಿಂದ ಸೆನೆಟರ್‌ಗಳಾಗಿ ಆರಿಸಿಹೋದರು, ನಾಲ್ವರಿಗೂ ಸೆನೆಟ್ ಬಾಗಿಲು ತೆರೆಯಲಿಲ್ಲ. ಕಪ್ಪು ಜನರನ್ನು ಹೊರಗಿಟ್ಟು ಕಟ್ಟಿದ ಸರ್ಕಾರಗಳನ್ನು ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಒಪ್ಪಲಿಲ್ಲ. 1867ರಲ್ಲಿ ಎಲ್ಲವನ್ನೂ ಮೊದಲಿನಿಂದ ಕಟ್ಟಲು ಕಾನೂನು ಮಾಡಿತು. ಈ ನಡುವೆ ಜಾನ್ಸನ್ ಹೋಲ್ಡನ್‌ನನ್ನು ಮಧ್ಯ ಅಮೆರಿಕದ ಸಾಲ್ವಡಾರ್‌ಗೆ ರಾಯಭಾರಿಯಾಗಿ ಕಳುಹಿಸಲು ನೋಡಿದರು, ಅದಕ್ಕೂ ಸೆನೆಟ್ ಒಪ್ಪಲಿಲ್ಲ.

ಇತರ ಹಂಗಾಮಿ ಗವರ್ನರ್‌ಗಳ ಬದುಕು ಇಲ್ಲಿಂದ ಬಹುಮಟ್ಟಿಗೆ ತಣ್ಣಗಾಯಿತು. ಹೋಲ್ಡನ್‌ದು ಆಗಷ್ಟೇ ಕಾವೇರಿತು.

ಎರಡು ವರ್ಷದ ಹಿಂದೆ ಉಪದೇಶ ಮಾಡುತ್ತಿದ್ದವನು ಈಗ ಕಪ್ಪು ಜನರ ಮತದಾನದ ಹಕ್ಕಿಗೆ ನಿಂತ, ರಾಜ್ಯದಲ್ಲಿ ರಿಪಬ್ಲಿಕನ್ ಪಕ್ಷ ಕಟ್ಟಿದ. ಇದನ್ನು ಬರೀ ಅವಕಾಶವಾದ ಎಂದವರಿದ್ದಾರೆ. ಆರಂಭದಲ್ಲಿ ಅದೂ ಇದ್ದಿರಬಹುದು. ಆದರೆ ಮುಂದೆ ಅವನು ತೆತ್ತ ಬೆಲೆ ನೋಡಿದರೆ ನನಗೆ ಆ ಮಾತು ಹೇಳಲು ಬಾಯಿ ಬರುವುದಿಲ್ಲ. 1868ರಲ್ಲಿ, ಕಪ್ಪು ಗಂಡಸರೂ ಮತ ಹಾಕಿದ ಚುನಾವಣೆಯಲ್ಲಿ ಹೋಲ್ಡನ್ ಗೆದ್ದ. ಈ ಬಾರಿ ಹಂಗಾಮಿಯಲ್ಲ, ಜನರ ಗವರ್ನರ್. ವರ್ತ್ ಪ್ರತಿಭಟನೆ ದಾಖಲಿಸಿ ಕಚೇರಿ ಬಿಟ್ಟುಕೊಟ್ಟ.

ಆಗ ಕು ಕ್ಲಕ್ಸ್ ಕ್ಲಾನ್ ಬಂತು. ಬಿಳಿಯರ ಹಿಡಿತ ಮರಳಿ ತರಲು ಕಪ್ಪು ಜನರನ್ನೂ ಅವರ ಪರ ನಿಂತವರನ್ನೂ ಬೆದರಿಸಿ ಕೊಲ್ಲುತ್ತಿದ್ದ ಗುಪ್ತ ಸಂಘ ಅದು. 1870ರ ಫೆಬ್ರುವರಿ 26ರ ರಾತ್ರಿ ಅಲಮಾನ್ಸ್ ಕೌಂಟಿಯ ಗ್ರಹಾಂ ಎಂಬ ಊರಿನಲ್ಲಿ (ವ್ಯಕ್ತಿಯಲ್ಲ, ಊರಿನ ಹೆಸರು) ಕಪ್ಪು ಮುಖಂಡ ವಯಟ್ ಔಟ್ಲಾನನ್ನು ಮನೆಯಿಂದ ಎಳೆತಂದು ನ್ಯಾಯಾಲಯದ ಬಳಿ ಮರಕ್ಕೆ ನೇಣು ಹಾಕಿದರು. ಮೇ 21ರಂದು ಕ್ಯಾಸ್ವೆಲ್ ಕೌಂಟಿಯ ಯಾನ್ಸಿವಿಲ್‌ನಲ್ಲಿ, ನ್ಯಾಯಾಲಯದ ಮೇಲಿನ ಮಹಡಿಯಲ್ಲಿ ಎದುರು ಪಕ್ಷದ ಸಭೆ ನಡೆಯುತ್ತಿರುವಾಗಲೇ, ಕೆಳಗಿನ ಕೋಣೆಗೆ ಕರೆದೊಯ್ದು ಹೋಲ್ಡನ್ ಪಕ್ಷದ ರಾಜ್ಯ ಸೆನೆಟರ್ ಜಾನ್ ಸ್ಟೀಫನ್ಸ್‌ನನ್ನು ಹಗ್ಗ ಬಿಗಿದು, ಇರಿದು ಕೊಂದರು. ಹಾಡಹಗಲಲ್ಲಿ, ಜನ ತುಂಬಿದ ಕಟ್ಟಡದಲ್ಲಿ. ಸಾಕ್ಷಿ ಹೇಳಲು ಒಬ್ಬನೂ ಮುಂದೆ ಬರಲಿಲ್ಲ.

ಹೋಲ್ಡನ್ ಎರಡೂ ಕೌಂಟಿಗಳನ್ನು ದಂಗೆಯಲ್ಲಿವೆ ಎಂದು ಘೋಷಿಸಿದ. ಹಾಗೆ ಘೋಷಿಸಲು ಶಾಸನಸಭೆಯೇ ಆ ವರ್ಷದ ಆರಂಭದಲ್ಲಿ ಅಧಿಕಾರ ಕೊಟ್ಟಿತ್ತು. ಜಾರ್ಜ್ ಕರ್ಕ್ ಎಂಬ ಮಾಜಿ ಒಕ್ಕೂಟ ಸೇನಾಧಿಕಾರಿಯ ಕೈಯಲ್ಲಿ ಪಡೆ ಕೊಟ್ಟು ಸುಮಾರು ನೂರು ಜನರನ್ನು ಬಂಧಿಸಿದ. ಬಂಧಿತರು ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ತುರ್ತು ಪರಿಸ್ಥಿತಿಯ ನೆನಪಿರುವವರಿಗೆ ಈ ಹೆಸರು ಗೊತ್ತು: ಬಂಧಿತನನ್ನು ನ್ಯಾಯಾಲಯದ ಮುಂದೆ ತಂದು ಬಂಧನಕ್ಕೆ ಕಾರಣ ಹೇಳಿ ಎಂಬ ಬೇಡಿಕೆ. ರಾಜ್ಯದ ಮುಖ್ಯ ನ್ಯಾಯಮೂರ್ತಿ ಪಿಯರ್ಸನ್ ಆಜ್ಞೆ ಕೊಟ್ಟರು, ಕರ್ಕ್ ಕೈದಿಗಳನ್ನು ಒಪ್ಪಿಸಲಿಲ್ಲ, ಜಾರಿ ಮಾಡುವ ಶಕ್ತಿ ತಮಗಿಲ್ಲ ಎಂದು ಪಿಯರ್ಸನ್ ಕೈಚೆಲ್ಲಿದರು. ಕೊನೆಗೆ ಒಕ್ಕೂಟದ ನ್ಯಾಯಾಧೀಶ ಬ್ರೂಕ್ಸ್, ಬಿಡುಗಡೆಯಾದ ಗುಲಾಮರ ರಕ್ಷಣೆಗೆಂದು ಬಂದಿದ್ದ ಹದಿನಾಲ್ಕನೇ ತಿದ್ದುಪಡಿಯನ್ನೇ ಆಧರಿಸಿ ಕೈದಿಗಳನ್ನು ಕರೆಸಿ ಬಿಡುಗಡೆ ಮಾಡಿದರು. ಹೋಲ್ಡನ್ ಅಧ್ಯಕ್ಷ ಗ್ರಾಂಟ್‌ಗೆ ಮೊರೆಯಿಟ್ಟ. ಆ ನೆರವು ಬರಲಿಲ್ಲ.

ಇಲ್ಲಿ ಅವನ ತಪ್ಪನ್ನೂ ಹೇಳಬೇಕು. ಚುನಾವಣೆಯ ಹೊತ್ತಿಗೇ ಬಂಧನಗಳು ನಡೆದವು. ದಂಗೆ ಘೋಷಿಸದ ಆರೆಂಜ್ ಕೌಂಟಿಯಿಂದ, ಅದೂ ಹಿಲ್ಸ್‌ಬರೊದಿಂದ, ತನ್ನನ್ನು ದಿನವೂ ಬೈದು ಬರೆಯುತ್ತಿದ್ದ ಪತ್ರಿಕಾ ಸಂಪಾದಕ ಜೊಸಾಯ ಟರ್ನರ್‌ನನ್ನು ಹಿಡಿದು ತರಿಸಿದ್ದಕ್ಕೆ ಯಾವ ಸಮರ್ಥನೆಯೂ ಇಲ್ಲ. ತನ್ನ ಅಚ್ಚುಮನೆ ಒಡೆದ ನೋವು ತಿಳಿದಿದ್ದವನು ಇದನ್ನು ಮಾಡಬಾರದಿತ್ತು.

ಆಗಸ್ಟ್ ಚುನಾವಣೆಯಲ್ಲಿ ಎದುರಾಳಿಗಳು ಶಾಸನಸಭೆ ಗೆದ್ದರು. ಡಿಸೆಂಬರ್‌ನಲ್ಲಿ ಎಂಟು ಆರೋಪಗಳ ವಾಗ್ದಂಡನೆ ನಿರ್ಣಯ ಬಂತು. ವಿಚಾರಣೆಯಲ್ಲಿ ಗವರ್ನರ್ ವಿರುದ್ಧ ವಾದಿಸಲು ನಿಂತ ಮೂವರು ವಕೀಲರಲ್ಲಿ ಒಬ್ಬರು ಯಾರೆಂದುಕೊಂಡಿರಿ? ಹಿಲ್ಸ್‌ಬರೊದ ವಿಲಿಯಂ ಗ್ರಹಾಂ. ಆರು ವರ್ಷದ ಹಿಂದೆ ಯಾರ ಕ್ಷಮೆಯ ಅರ್ಜಿ ಹೋಲ್ಡನ್ ಮೇಜಿನ ಮೇಲೆ ಕೊಳೆಯುತ್ತಿತ್ತೋ ಅವರು. 1871ರ ಮಾರ್ಚ್ 22ರಂದು ಆರು ಆರೋಪಗಳು ಸಾಬೀತು ಎಂದು ರಾಜ್ಯದ ಸೆನೆಟ್ ತೀರ್ಪಿತ್ತಿತು. ಎರಡು ಕೌಂಟಿಗಳಲ್ಲಿ ದಂಗೆ ಘೋಷಿಸಿದ್ದು ತಪ್ಪು ಎಂಬ ಮೊದಲ ಎರಡು ಆರೋಪ ಮಾತ್ರ ನಿಲ್ಲಲಿಲ್ಲ. ವಾಗ್ದಂಡನೆಯಿಂದ ಪದಚ್ಯುತನಾದ ಅಮೆರಿಕದ ಮೊದಲ ಗವರ್ನರ್ ಹೋಲ್ಡನ್. ರಾಜ್ಯದಲ್ಲಿ ಇನ್ನು ಯಾವ ಹುದ್ದೆಯನ್ನೂ ಹಿಡಿಯದಂತೆ ನಿಷೇಧ ಬೇರೆ. ಇದಾಗಿ ತಿಂಗಳು ತುಂಬುವ ಮೊದಲೇ, ಏಪ್ರಿಲ್ 20ರಂದು, ಕ್ಲಾನ್ ಹಾವಳಿಯಿರುವ ಕಡೆ ಹೇಬಿಯಸ್ ಕಾರ್ಪಸ್ ಅಮಾನತುಗೊಳಿಸುವ ಅಧಿಕಾರವನ್ನು ಕಾಂಗ್ರೆಸ್ ಅಧ್ಯಕ್ಷರಿಗೆ ಕೊಟ್ಟಿತು. ಅಕ್ಟೋಬರ್‌ನಲ್ಲಿ ಗ್ರಾಂಟ್ ಸೌತ್ ಕೆರೊಲಿನಾದ ಒಂಬತ್ತು ಕೌಂಟಿಗಳಲ್ಲಿ ಅದನ್ನು ಬಳಸಿದರು.

ಹೋಲ್ಡನ್ ಊರು ಬಿಟ್ಟು ವಾಷಿಂಗ್ಟನ್‌ಗೆ ಹೋಗಿ ಮತ್ತೆ ಪತ್ರಿಕೆಯ ಕೆಲಸ ಹಿಡಿದ. ಮನಸ್ಸು ರಾಲೀಯಲ್ಲೇ ಇತ್ತು. 1873ರಲ್ಲಿ ಗ್ರಾಂಟ್ ಅವನನ್ನು ರಾಲೀಯ ಪೋಸ್ಟ್ ಮಾಸ್ಟರ್ ಆಗಿ ನೇಮಿಸಿದರು. ನಿಷೇಧವಿದ್ದದ್ದು ರಾಜ್ಯದ ಹುದ್ದೆಗಳಿಗೆ, ಅಂಚೆ ಒಕ್ಕೂಟ ಸರ್ಕಾರದ್ದು. ತನ್ನನ್ನು ಕೆಳಗಿಳಿಸಿದ ಶಾಸಕರು ಸೇರುವ ಊರಿನಲ್ಲೇ, ಅವರ ಟಪ್ಪಾಲಿನ ಉಸ್ತುವಾರಿ ನೋಡಿಕೊಳ್ಳುತ್ತಾ 1881ರವರೆಗೆ ಕೆಲಸ ಮಾಡಿದ. 1892ರ ಮಾರ್ಚ್‌ನಲ್ಲಿ ಅಲ್ಲೇ ತೀರಿಕೊಂಡ. 2011ರ ಏಪ್ರಿಲ್ 12ರಂದು, ಯುದ್ಧದ ಮೊದಲ ಗುಂಡು ಹಾರಿ ಸರಿಯಾಗಿ 150 ವರ್ಷವಾದ ದಿನ, ನಾರ್ತ್ ಕೆರೊಲಿನಾದ ಸೆನೆಟ್ 48-0 ಮತಗಳಿಂದ ಅವನನ್ನು ಕ್ಷಮಿಸಿತು.

ಸ್ಟೀಫನ್ಸ್ ಕೊಲೆಯ ಬಗ್ಗೆ ಒಂದು ಮಾತು ಉಳಿದಿದೆ. ಬಂಧಿಸಿದವರ ಪೈಕಿ ಯಾರ ಮೇಲೂ ಹೋಲ್ಡನ್‌ಗೆ ಅಪರಾಧ ಸಾಬೀತು ಮಾಡಲಾಗಲಿಲ್ಲ. ಕ್ಲಾನ್ ಎಂಬುದೇ ಗವರ್ನರ್ ಕಟ್ಟಿದ ಕಥೆ ಎಂದು ವರ್ಷಗಟ್ಟಲೆ ಹೇಳಿದರು. 1919ರಲ್ಲಿ ಕ್ಯಾಸ್ವೆಲ್ ಕೌಂಟಿಯ ಕ್ಲಾನ್ ಮುಖಂಡನಾಗಿದ್ದ ಜಾನ್ ಲೀ ಎಂಬ ಮುದುಕ, ರಾಜ್ಯದ ಇತಿಹಾಸ ಆಯೋಗಕ್ಕೆ ಪ್ರಮಾಣ ಮಾಡಿದ ಹೇಳಿಕೆಯೊಂದನ್ನು ಒಪ್ಪಿಸಿದ. ತಾನು ಸತ್ತ ಮೇಲೆಯೇ ಬಯಲಾಗಬೇಕು ಎಂಬ ಷರತ್ತಿತ್ತು. 1935ರಲ್ಲಿ ಅವನು ಸತ್ತ ಮೇಲೆ ಅದನ್ನು ತೆರೆದರು. ಕ್ಲಾನ್ ಸೇರಿ ಸ್ಟೀಫನ್ಸ್‌ಗೆ ಮರಣದಂಡನೆ ತೀರ್ಮಾನಿಸಿದ್ದು, ಆ ಕೆಳಗಿನ ಕೋಣೆಯಲ್ಲಿ ಯಾರು ಯಾರು ಇದ್ದರು, ಹಗ್ಗ ಹಿಡಿದವರು ಯಾರು, ಇರಿದವರು ಯಾರು, ಎಲ್ಲವೂ ಹೆಸರು ಸಹಿತ ಅದರಲ್ಲಿತ್ತು. ಹೋಲ್ಡನ್ ಸತ್ತು ಆಗಲೇ ನಲವತ್ತಮೂರು ವರ್ಷಗಳಾಗಿದ್ದವು. ಯಾನ್ಸಿವಿಲ್‌ನ ಆ ನ್ಯಾಯಾಲಯದ ಕಟ್ಟಡ ಈಗಲೂ ನಿಂತಿದೆ.